ಮಾದಪ್ಪನ ಹೂವು, ಅಪ್ಪನ ಓಟಿಪಿ

ಕಾಲೇಜು ಸೀಟಿಗೆ ಅರ್ಜಿ ಹಾಕುವ ಕಾಲ ಬಂತೆಂದರೆ ನನಗೆ ಊಟ ಒಂದು ಹೊತ್ತು ಕಮ್ಮಿ, ನಗು ಎರಡು ಹೊತ್ತು ಜಾಸ್ತಿ. ಕೊಳ್ಳೇಗಾಲದ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು ನಾನು. ಪ್ರಿಂಟರಿನಲ್ಲಿ ಸಿಕ್ಕಿಕೊಂಡಿದ್ದ ಕಾಗದವನ್ನು ಒಮ್ಮೆ ಎಳೆದು ತೆಗೆದದ್ದೇ ನೆಪವಾಗಿ ಕಂಪ್ಯೂಟರ್ ಪಂಡಿತೆ ಎಂಬ ಹೆಸರು ಬಂತು. ಅಂದಿನಿಂದ ಮಕ್ಕಳ ಅರ್ಜಿಗಳೆಲ್ಲ ನನ್ನ ಕೊರಳಿಗೆ. ಮಕ್ಕಳಾದರೂ ವಾಸಿ, ಹೇಳಿದರೆ ಕೇಳುತ್ತಾರೆ. ನನ್ನ ತಾಳ್ಮೆ ಪರೀಕ್ಷೆ ಮಾಡುವವರು ಅವರ ಮನೆಯವರು. ಹೋದ ವರ್ಷದ್ದನ್ನಷ್ಟೇ ಹೇಳುತ್ತೇನೆ ಕೇಳಿ.

ಯಾರಿಗೂ ಹೇಳಬೇಡಿ

ಹನೂರು ಕಡೆಯ ಬಂಡಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳು ನನ್ನ ಕ್ಲಾಸಿನಲ್ಲಿದ್ದಳು. ಗಿಡದ ಎಲೆ ಕೈಗೆ ಸಿಕ್ಕರೆ ಊಟ ಮರೆಯುವ ಜಾತಿ. ಮಂಡ್ಯಕ್ಕೆ ಹೋಗಿ ಹಾಸ್ಟೆಲಿನಲ್ಲಿದ್ದು ಕೃಷಿ ಪದವಿ ಓದಬೇಕೆಂಬುದು ಅವಳ ಒಂದೇ ಆಸೆ. ಅವಳಪ್ಪನಿಗೆ ಮಗಳು ಕೊಳ್ಳೇಗಾಲದಲ್ಲೇ ಯಾವುದಾದರೂ ಡಿಗ್ರಿ ಮಾಡಿಕೊಂಡು, ಸಂಜೆ ಬಸ್ಸಿಗೆ ಮನೆ ಸೇರಬೇಕು.

ಸಿಇಟಿಗೆ ಅರ್ಜಿ ಹಾಕುವಾಗ ಅವಳು ಅಪ್ಪನ ಮೊಬೈಲ್ ನಂಬರು ಕೊಟ್ಟಳು. ಓಟಿಪಿ ನೇರವಾಗಿ ಬಂಡಳ್ಳಿಯ ಹೊಲಕ್ಕೆ ಹೋಯಿತು. ಮಗಳು ಫೋನ್ ಮಾಡಿ ಕೇಳಿದರೆ ಆತ ಹೇಳಲಿಲ್ಲ. ಯಾರಿಗೂ ಹೇಳಬೇಡಿ ಎಂದು ಮೆಸೇಜಿನಲ್ಲೇ ಬರೆದಿದೆಯಂತೆ. ನಾನು ಫೋನ್ ಇಸಿದುಕೊಂಡು, ನಾನು ಅವಳ ಮೇಡಂ, ನನಗೆ ಹೇಳಬಹುದು ಎಂದೆ.

"ಯಾರ್ಗೂ ಅಂದ್ಮೇಲೆ ಅದ್ರಲ್ಲಿ ನೀವೂ ಬಂದ್ರಿ ಮೇಡಂ. ತಪ್ ತಿಳ್ಕಬ್ಯಾಡಿ."

ಕೊನೆಗೆ ಹೊಲದ ಮಣ್ಣು ಮೆತ್ತಿದ ಕಾಲಿನಲ್ಲೇ ಬಸ್ಸು ಹತ್ತಿ ಕಾಲೇಜಿಗೆ ಬಂದ ಪುಣ್ಯಾತ್ಮ. ಹೊಸ ಓಟಿಪಿ ತರಿಸಿದೆವು. ನನ್ನನ್ನು ಗೋಡೆ ಕಡೆ ತಿರುಗಿಸಿ ನಿಲ್ಲಿಸಿ, ಕೀಲಿಮಣೆಗೆ ಟವೆಲ್ಲು ಮರೆ ಹಿಡಿದು, ಒಂದೇ ಬೆರಳಲ್ಲಿ ಒಂದೊಂದೇ ಅಂಕಿ ಹುಡುಕಿ ಒತ್ತಿದ. ಕೊನೆಯ ಅಂಕಿ ಒತ್ತುವ ಹೊತ್ತಿಗೆ ಸಮಯ ಮುಗಿದುಹೋಗಿತ್ತು. ಮತ್ತೆ ತರಿಸಿದೆವು, ಮತ್ತೆ ಗೋಡೆ. ಆ ಗೋಡೆಯ ಸುಣ್ಣ ಎಲ್ಲೆಲ್ಲಿ ಎದ್ದಿದೆ ಎಂಬುದು ಈಗ ನನಗೆ ಬಾಯಿಪಾಠ.

ಅರ್ಜಿ ಹೋದ ಮೇಲೆ ಮೆಲ್ಲಗೆ ಮಂಡ್ಯದ ಮಾತು ತೆಗೆದೆ. "ಬೇಸಾಯ ಕಲಿಯಾಕೆ ಮಂಡ್ಯಕ್ ಯಾಕ್ ಓಗ್ಬೇಕು ಮೇಡಂ? ನಮ್ ಒಲ ಏನ್ ಪಾಪ ಮಾಡ್ಯದೆ?" ಎಂದು ಕೇಳಿದ. ಹುಡುಗಿಯ ಮುಖ ಸಣ್ಣಗಾಯಿತು. ಅದನ್ನು ಕಂಡು ಅವನೇ ಸ್ವಲ್ಪ ಮೆತ್ತಗಾಗಿ, ಆ ಹೊತ್ತು ಬಂದಾಗ ಮನೆದೇವರು ಮಾದಪ್ಪನನ್ನೇ ಹೂವಿಟ್ಟು ಕೇಳೋಣ, ಅವನು ಹೇಳಿದಂತಾಗಲಿ ಎಂದ. ಓಟಿಪಿಯನ್ನೇ ಬಿಟ್ಟುಕೊಡದವನು ಮಗಳನ್ನು ಬಿಟ್ಟುಕೊಡುತ್ತಾನೆಯೇ ಎಂದು ನನಗೆ ಒಳಗೊಳಗೇ ಸಂಕಟವಾಯಿತು.

ಮುಂಗಡ

ಮಾದಪ್ಪನ ಒಕ್ಕಲಲ್ಲಿ ಮುಡಿ ಕೊಡುವ ಹರಕೆ ಎಲ್ಲರಿಗೂ ಗೊತ್ತು. ಕೆಲಸ ಆದಮೇಲೆ ಬೆಟ್ಟಕ್ಕೆ ಹೋಗಿ ತಲೆ ಬೋಳಿಸಿಕೊಂಡು ಬರುವುದು ಪದ್ಧತಿ. ಕೊಳ್ಳೇಗಾಲದ ರೇಷ್ಮೆ ನೇಯುವ ಮನೆಯ ನನ್ನ ಶಿಷ್ಯನೊಬ್ಬನ ಅಪ್ಪ ಇದನ್ನು ತಿರುವುಮುರುವು ಮಾಡಿದ.

ಸಿಇಟಿಯ ದಿನ ಪರೀಕ್ಷಾ ಕೇಂದ್ರದ ಬಾಗಿಲಲ್ಲಿದ್ದ ಅಧಿಕಾರಿ ಬೇರೆ ಊರಿನವರು. ಪ್ರವೇಶ ಪತ್ರದ ಫೋಟೋದಲ್ಲಿ ಕಣ್ಣಿನ ಮೇಲೆ ಇಳಿಬಿದ್ದ ಕೂದಲು, ಎದುರಿಗೆ ಗಂಧ ಬಳಿದ ಬೋಳುತಲೆ. ಗುರುತು ಹೇಳಲು ಅಪ್ಪನನ್ನು ಕರೆಸಿದರೆ ಅವನ ತಲೆಯೂ ನುಣ್ಣಗೆ, ಬೆನ್ನಿಗೇ ಬಂದ ಅಣ್ಣನದೂ ಅಷ್ಟೇ. ಇವರಲ್ಲಿ ಪರೀಕ್ಷೆ ಬರೆಯುವವರು ಯಾರು ಎಂದು ಅಧಿಕಾರಿ ಕೇಳಿದರು. ಕೊನೆಗೆ ನಾನು ಹೋಗಿ ಸಾಕ್ಷಿ ಹೇಳಿದೆ. ಕಪ್ಪೆಯ ಹೃದಯಕ್ಕೆ ನಾಲ್ಕು ಕೋಣೆ ಎಂದು ವರ್ಷವಿಡೀ ನನ್ನ ಹತ್ತಿರ ವಾದ ಮಾಡಿದ ಮುಖ ಅದು, ಕೂದಲಿಲ್ಲದಿದ್ದರೂ ಮರೆಯುವಂಥದ್ದಲ್ಲ.

ಹುಡುಗ ಒಳಗೆ ಹೋದಮೇಲೆ ಅಪ್ಪನನ್ನು ತರಾಟೆಗೆ ತೆಗೆದುಕೊಂಡೆ. ಸೀಟು ಸಿಕ್ಕ ಮೇಲೆ ಕೊಡುವ ಮುಡಿಯನ್ನು ಪರೀಕ್ಷೆಗೆ ಮೊದಲೇ ಕೊಟ್ಟದ್ದೇಕೆ ಎಂದು ಕೇಳಿದರೆ ಆತ ತಲೆ ಸವರಿಕೊಂಡ.

"ಅಡ್ವಾನ್ಸ್ ಕೊಟ್ರೆ ತಾನೇ ಮೇಡಂ, ಸೀರೆ ಮಗ್ಗದಿಂದ ಬೇಗ ಇಳಿಯೋದು?"

ಚಿಕ್ಕಮ್ಮನ ರ‍್ಯಾಂಕಿಂಗು

ಫಲಿತಾಂಶ ಬಂದಮೇಲೆ ಯಾವ ಕಾಲೇಜು ಮೊದಲು, ಯಾವುದು ಆಮೇಲೆ ಎಂದು ಕಂಪ್ಯೂಟರಿನಲ್ಲಿ ಸಾಲಾಗಿ ತುಂಬಬೇಕು. ಯಳಂದೂರಿನ ಅಂಗಡಿಯವರೊಬ್ಬರು ಮಗನೊಡನೆ ಬಂದು ಕೂತರು. ನಾನು ಕಾಲೇಜುಗಳ ಗುಣಾವಗುಣ ಹೇಳುತ್ತ ಹೋದೆ, ಅವರು ಕೇಳಿಸಿಕೊಳ್ಳಲೇ ಇಲ್ಲ. ಅವರ ಲೆಕ್ಕಾಚಾರವೇ ಬೇರೆ. ಮೈಸೂರಿನಲ್ಲಿ ಷಡ್ಡಕ ಇದ್ದಾನೆ, ಆದ್ದರಿಂದ ಮೈಸೂರು ಮೊದಲು. ತುಮಕೂರಿನಲ್ಲಿ ನೆಂಟರಿಲ್ಲ, ಆದ್ದರಿಂದ ಅಲ್ಲಿ ಒಳ್ಳೆಯ ಕಾಲೇಜೂ ಇಲ್ಲ.

ಅವರು ಎದ್ದು ಹೋಗಿ ಅರ್ಧ ಗಂಟೆಯಾಗಿಲ್ಲ, ನನಗೊಂದು ಫೋನ್ ಬಂತು. ಆ ಷಡ್ಡಕನ ಹೆಂಡತಿ, ಹುಡುಗನ ಚಿಕ್ಕಮ್ಮ.

"ಮೈಸೂರ್ನ ಕೊನೇಗ್ ಹಾಕ್ಬುಡಿ ಮೇಡಂ, ನಿಮ್ ದಮ್ಮಯ್ಯ. ಅವ್ರ ದೊಡ್ ಮಗ ನಮ್ಮನೇಲಿ ಡಿಗ್ರಿ ಮುಗ್ಸಿ ಈಗ್ತಾನೆ ಓಗವ್ನೆ. ನನ್ನೆಸ್ರು ಮಾತ್ರ ಎತ್ಬ್ಯಾಡಿ."

ಬಲಗಡೆ ಹೂವು

ಬಂಡಳ್ಳಿಯ ಹುಡುಗಿಗೆ ಮಂಡ್ಯದ ಸೀಟು ಸಿಗುವಂಥ ರ‍್ಯಾಂಕೇ ಬಂತು. ಆದರೆ ಕಾಲೇಜು ಆರಿಸುವ ಕೊನೆಯ ದಿನವಾದರೂ ಅವಳ ಸುಳಿವಿಲ್ಲ. ನನಗೆ ತಡೆಯಲಾಗಲಿಲ್ಲ. ಲ್ಯಾಪ್‌ಟಾಪ್ ಬಗಲಿಗೆ ಹಾಕಿಕೊಂಡು ಮಧ್ಯಾಹ್ನವೇ ಬಂಡಳ್ಳಿಗೆ ಹೋದೆ.

ಮನೆಯವರೆಲ್ಲ ನಡುಮನೆಯಲ್ಲಿ ದೇವರ ಗೂಡಿನ ಮುಂದೆ ಕೂತಿದ್ದರು. ಅಪ್ಪ ಮಾದಪ್ಪನ ಪಟದ ನೆತ್ತಿಯ ಮೇಲೆ ಒದ್ದೆ ಸೇವಂತಿಗೆ ಇಟ್ಟು, ಬಲಕ್ಕೆ ಬಿದ್ದರೆ ಮಂಡ್ಯ, ಎಡಕ್ಕೆ ಬಿದ್ದರೆ ಕೊಳ್ಳೇಗಾಲ ಎಂದು ಕೇಳಿಕೊಂಡಿದ್ದ. ಹೂವು ಬೆಳಿಗ್ಗೆಯಿಂದ ಅಲ್ಲಾಡಿರಲಿಲ್ಲ. ಊರಿನಲ್ಲಿ ಕರೆಂಟೂ ಇರಲಿಲ್ಲ. ಹುಡುಗಿಯ ಅಜ್ಜಿ ಮಾತ್ರ ತನ್ನ ಮಂಚದ ಹತ್ತಿರವಿದ್ದ ಟೇಬಲ್ ಫ್ಯಾನನ್ನು ಎಳೆದು ತಂದು, ಗೂಡಿನ ಎಡಕ್ಕೆ ಸ್ಟೂಲಿನ ಮೇಲೆ ಇಟ್ಟುಕೊಂಡು, ಅದಕ್ಕೆ ಆತುಕೊಂಡು ಕೂತಿದ್ದಳು. ಪಾಪ, ವಯಸ್ಸಾದ ಜೀವ, ಸೆಖೆ ತಡೆಯಲಾಗುತ್ತಿಲ್ಲ ಎಂದುಕೊಂಡೆ.

ಸಂಜೆಗೆ ವೆಬ್‌ಸೈಟು ಮುಚ್ಚುತ್ತದೆ ಎಂದು ಹೇಳಿ ನೋಡಿದೆ. ದೇವರನ್ನು ಅವಸರ ಮಾಡುವಂತಿಲ್ಲ ಎಂದ ಅಪ್ಪ. ಹುಡುಗಿ ಹೂವನ್ನೇ ನೋಡುತ್ತ ದುಪಟ್ಟಾದ ತುದಿಯನ್ನು ಹಿಸುಕುತ್ತಿದ್ದಳು. ದೇವರು ದಿಂಡರೆಂದು ಹೆಚ್ಚು ಹಚ್ಚಿಕೊಂಡವಳಲ್ಲದ ನಾನೂ ಮಾದಪ್ಪನಿಗೆ ಕೈ ಮುಗಿದೆ.

ಬಿಸಿಲು ಇಳಿಯುವ ಹೊತ್ತಿಗೆ ಕರೆಂಟು ಬಂತು. ಫ್ಯಾನು ಮೊದಲೇ ಸ್ವಿಚ್ ಹಾಕಿಟ್ಟಿದ್ದಂತೆ ಒಂದೇ ಸಲಕ್ಕೆ ಭರ‍್ರೆಂದಿತು. ಸೇವಂತಿಗೆ ಬಲಕ್ಕೆ ಬಿತ್ತು. ಅದರ ಹಿಂದೆಯೇ ಬಿಲ್ವಪತ್ರೆ, ಊದುಬತ್ತಿ ಪ್ಯಾಕೆಟ್ಟು, ಗೋಡೆಯ ಕ್ಯಾಲೆಂಡರು, ಎಲ್ಲವೂ ಬಲಕ್ಕೆ ಬಿದ್ದವು. ತಟ್ಟೆಯ ವಿಭೂತಿಯೆಲ್ಲ ಬಲಗಡೆ ಕೂತಿದ್ದ ಅಪ್ಪನ ಮುಖಕ್ಕೆ ಬಂತು.

ಅವನು ಕಣ್ಣೊರೆಸಿಕೊಂಡು, "ಅವ್ವಾ, ಅದು ಫ್ಯಾನ್ ಗಾಳಿಗ್ ಬಿದ್ದಿದ್ದು" ಎಂದ.

"ಗಾಳಿಗೇ ಬಿತ್ತು ಕಣ್ಲಾ, ನಾನೇನ್ ಇಲ್ಲ ಅಂದ್ನಾ? ಬೆಳಿಗ್ಗಿಂದ ಇಲ್ದಿದ್ ಕರೆಂಟು ಈಗ್ಲೇ ಯಾಕ್ ಬಂತು? ಅದ್ನ ಯೋಳು."

ಅಪ್ಪ ಪಟವನ್ನು ನೋಡಿದ, ಫ್ಯಾನನ್ನು ನೋಡಿದ, ಮಗಳನ್ನು ನೋಡಿದ. ನಾನು ತಡಮಾಡದೆ ಲ್ಯಾಪ್‌ಟಾಪ್ ತೆರೆದೆ. ಅವನ ಜೇಬಿನಲ್ಲಿ ಮೊಬೈಲು ಟಿಣ್ ಎಂದಿತು. ನಾನು ಅಭ್ಯಾಸಬಲದಿಂದ ಎದ್ದು ಗೋಡೆ ಕಡೆ ತಿರುಗಿ ನಿಂತೆ.

"ಇತ್ಲಾಗ್ ತಿರುಗ್ರಿ ಮೇಡಂ," ಎಂದವನೇ, ಬೀದಿಗೆಲ್ಲ ಕೇಳುವ ಹಾಗೆ ಒಂದೊಂದೇ ಅಂಕಿ ಗಟ್ಟಿಯಾಗಿ ಓದಿ ಹೇಳಿದ. ಹುಡುಗಿ ನಗುತ್ತ, ಅಳುತ್ತ ಒತ್ತಿದಳು. ಮಂಡ್ಯ ಮೊದಲನೆಯ ಸಾಲಿನಲ್ಲಿ ಕೂತಿತು.

ಅಪ್ಪ ಮುಖ ತೊಳೆಯಲು ಹಿತ್ತಲಿಗೆ ಹೋಗುವುದನ್ನೇ ಕಾಯುತ್ತಿದ್ದ ಅಜ್ಜಿ ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡಳು.

"ಇನ್ ಆ ಫ್ಯಾನ್ ಆರ್ಸ್ಬುಡಿ ಮೇಡಮ್ಮಾ. ನಂಗೆ ಫ್ಯಾನ್ ಗಾಳಿ ಆಗಾಕಿಲ್ಲ."