ಕುಂಕುಮ ಹಚ್ಚಿಸಿಕೊಂಡ ಮರದ ಕಾಲು

"ನನಗೆ ಗೊತ್ತಿಲ್ಲದ ಹತಾರ ಈ ಹೊನ್ನಾಳಿ ತಾಲೂಕಿನಾಗೇ ಹುಟ್ಟಿಲ್ಲ! ತೆಗಿ, ಒಂದೊಂದಾಗಿ ತೆಗಿ. ಒಂದೊಂದಕ್ಕೂ ಹೆಸರು, ಕುಲ, ಗೋತ್ರ ಎಲ್ಲಾ ಹೇಳ್ತೀನಿ!"

ಹೀಗೆಂದು ಸಾಸ್ವೆಹಳ್ಳಿಯ ಗಾದ್ರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಿಂಹಾಸನ ಏರಿದ ಹಾಗೆ ಪಡಸಾಲೆಯಲ್ಲಿ ಮಣೆ ಏರಿ ಕೂತಳು. ಎದುರಿಗೆ ತುಕ್ಕು ಹಿಡಿದ ಒಂದು ತಗಡಿನ ಟ್ರಂಕು. ಪಕ್ಕದಲ್ಲಿ ಸೊಸೆ ಆಶಾ, ಅತ್ತ ಮಂಚದ ಮೇಲೆ ಪೇಪರು ಓದುತ್ತಾ ಗಂಡ. ಬರುವ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಬಸ್ ಸ್ಟ್ಯಾಂಡಿನ ಎದುರು ಆಶಾಳ ಹೊಲಿಗೆ ಅಂಗಡಿ ಶುರುವಾಗಬೇಕು. ಊರಿಗೆಲ್ಲ ಹೇಳಿಯಾಗಿತ್ತು. ಹನ್ನೊಂದು ಜಂಪರಿನ ಬಟ್ಟೆ ಆಗಲೇ ಬಂದು ಬಿದ್ದಿತ್ತು. ಅದಕ್ಕೆಂದೇ ಮಗ ಕಲ್ಲೇಶ ಹೊನ್ನಾಳಿಯ ಗುಜರಿಯಿಂದ ಹಳೇ ಮಿಷನ್ನು, ಇಸ್ತ್ರಿಪೆಟ್ಟಿಗೆ, ಗುಜರಿಯವನು ಗುಂಡಿ-ದಾರ-ಹುಕ್ಕು ತುಂಬಿಕೊಟ್ಟ ಈ ಟ್ರಂಕು, ಎಲ್ಲವನ್ನೂ ತನ್ನ ಆಟೋದಲ್ಲಿ ಹೇರಿಕೊಂಡು ಬಂದಿದ್ದ. ಗುಂಡಿ, ದಾರ ಎತ್ತಿಟ್ಟು ನೋಡಿದರೆ ತಳದಲ್ಲಿ ಬೇರೇನೋ ಸಾಮಾನು! ಹೊಲಿಗೆಯವರದ್ದಂತೂ ಅಲ್ಲ.

ಮೊದಲು ಹೊರಬಂದದ್ದು ಗೇಣುದ್ದದ ಒಂದು ಕೊಂಬು. ಒಳಗೆ ಒಣಗಿದ ಜಿಡ್ಡು.

"ಇದು ಕೂಸುಗಳಿಗೆ ಹರಳೆಣ್ಣೆ ಕುಡಿಸೋ ಕೊಂಬು!" ಗಾದ್ರಮ್ಮ ತಡಮಾಡಲಿಲ್ಲ. "ನಮ್ಮವ್ವ ನನ್ನ ಎರಡೂ ಕಾಲು ಅಮುಕಿ, ಮೂಗು ಹಿಡಿದು, ಹಿಂಗೇ ಬಾಯಿಗೆ ಬಗ್ಗಿಸ್ತಿದ್ಲು. ಇವತ್ತಿಗೂ ಹರಳೆಣ್ಣೆ ದೀಪ ಕಂಡ್ರೆ ಹೊಟ್ಟೆ ತೊಳಸ್ತೈತೆ. ತೆಗೆದಿಡು ಆಶಾ, ಮುಂದೆ ಬೇಕಾಗ್ತೈತೆ." ಹಾಗೆನ್ನುತ್ತಾ ಸೊಸೆಯ ಹೊಟ್ಟೆಯತ್ತ ಒಂದು ನೋಟ ಹಾಯಿಸಿದ್ದೂ ಆಯಿತು.

"ಅತ್ತೆ, ಮೊದಲು ಅಂಗಡಿ ತೆಗೆಯಾಕೆ ಬಿಡ್ರಿ!"

ಎರಡನೆಯದು ಮರದ ಹಿಡಿಯ ಕತ್ತಿ. ಬಾಯಿ ಅರ್ಧಚಂದ್ರನ ಹಾಗೆ ಅಗಲ. ಅದನ್ನು ಕಂಡಿದ್ದೇ ತಡ, ಗಾದ್ರಮ್ಮ ಕಣ್ಣು ಅರ್ಧ ಮುಚ್ಚಿದಳು. ಮೂಗರಳಿತು. "ಆಲೆಮನೆ ಕತ್ತಿ ಕಣೇ ಇದು! ಕೊಪ್ಪರಿಗೆಗೆ ಅಂಟಿದ ಬೆಲ್ಲ ಕೆರೆಯೋದು!" ಅಲ್ಲಿಂದ ಸವಾರಿ ನೇರ ಅವಳ ತವರು ಗೋವಿನಕೋವಿಗೆ. ಅಪ್ಪನ ಆಲೆಮನೆ, ಗಾಣ ಸುತ್ತಿ ಸುತ್ತಿ ನಿಂತಲ್ಲೇ ನಿದ್ದೆ ಮಾಡುವ ಎತ್ತು, ಕಬ್ಬಿನ ಸೀಳಿನ ತುದಿಗೆ ಸುತ್ತಿಕೊಟ್ಟ ಬಿಸಿ ಬೆಲ್ಲ, ಅದನ್ನು ಊದಲು ತಾಳ್ಮೆಯಿಲ್ಲದೆ ಸುಟ್ಟುಕೊಂಡ ನಾಲಿಗೆ, ನಾಲಿಗೆ ಸುಟ್ಟಿದ್ದಕ್ಕೆ ಅಪ್ಪ ಇನ್ನೊಂದು ಸೀಳು ಬೆಲ್ಲ ಕೊಟ್ಟದ್ದು... ಗಾದ್ರಮ್ಮ ಆಲೆಮನೆಯಿಂದ ವಾಪಸ್ಸು ಬರುವಷ್ಟರಲ್ಲಿ ಆಶಾ ಎರಡು ಜಂಪರಿಗೆ ಕಾಜಾ ಹಾಕಿ ಮುಗಿಸಿದ್ದಳು. ಆ ಕತ್ತಿಯನ್ನು ಬೂದಿ ಹಾಕಿ ತಿಕ್ಕಿ ತೊಳೆದು, ಅದರಲ್ಲೇ ಬೆಲ್ಲ ಹೆರೆದು ಮಧ್ಯಾಹ್ನ ಪಾಯಸವೂ ಆಯಿತು. ಕಲ್ಲೇಶ ಮೂರು ಲೋಟ ಕುಡಿದ!

ಕೊನೆಗೆ ಬಂತು ನೋಡಿ, ಟ್ರಂಕಿನ ಮೂಲೆಯಿಂದ ಒಂದು ಕಾಲು.

ಹೌದು, ಕಾಲೇ. ಮರದ್ದು. ಎಡಗಾಲು. ಪಾದದಿಂದ ಕಣಕಾಲಿನವರೆಗೆ ನುಣ್ಣಗೆ ಕೆತ್ತಿದ್ದು. ಕಿರುಬೆರಳಿನ ಹತ್ತಿರ ಮಾತ್ರ ಒಂದು ಗಂಟು ಉಬ್ಬಿತ್ತು.

ಗಾದ್ರಮ್ಮನಿಗೆ ಗೊತ್ತಾಗಲಿಲ್ಲ. ತಿರುಗಿಸಿದಳು, ಮೂಸಿದಳು, ಉಗುರಿನಿಂದ ಕುಟ್ಟಿದಳು. ಗೊತ್ತಾಗಲಿಲ್ಲ! ಅಷ್ಟರಲ್ಲಿ ಪಕ್ಕದ ಮನೆಯ ಅಂತರಘಟ್ಟಮ್ಮ ಸಾರಿಗೆ ಕರಿಬೇವು ಕೇಳುವ ನೆಪದಲ್ಲಿ ಬಂದು ಬಾಗಿಲಲ್ಲಿ ನಿಂತಿದ್ದಳು. ಅವಳ ಎದುರು "ಗೊತ್ತಿಲ್ಲ" ಅನ್ನುವುದೆಂದರೇನು! ಸಂಜೆಯೊಳಗೆ ಆ ಸುದ್ದಿ ಹೊಳೆ ದಾಟಿರುತ್ತದೆ.

"ಹರಕೆ ಕಾಲು!" ಎಂದುಬಿಟ್ಟಳು ಗಾದ್ರಮ್ಮ.

"ಏನಂದಿ?"

"ಕಾಲು ನೋವು ಅಂದ್ರೆ ಬೆಳ್ಳಿ ಕಾಲು ಮಾಡಿಸಿ ಅಮ್ಮನಿಗೆ ಒಪ್ಪಿಸಲ್ವಾ? ಇದು ಪಾಪ, ಬೆಳ್ಳೀಗೆ ಗತಿ ಇಲ್ಲದೋರು ಮರದಾಗೆ ಮಾಡಿಸ್ಯಾರೆ. ಗಂಟು ನೋಡು, ಇದೇ ಕಾಯಿಲೆ. ಒಪ್ಪಿಸೋದ್ರೊಳಗೆ ಹೋಗಿಬಿಟ್ಟವ್ರೆ!"

ಅಂತರಘಟ್ಟಮ್ಮ ಕೆನ್ನೆ ಬಡಿದುಕೊಂಡಳು. ಸುಳ್ಳಿಗೆ ಒಬ್ಬರು ಕೆನ್ನೆ ಬಡಿದುಕೊಂಡರೆ ಮುಗಿಯಿತು, ಹೇಳಿದವರೇ ಅದನ್ನು ನಂಬಬೇಕಾಗುತ್ತದೆ. ಗಾದ್ರಮ್ಮನೂ ನಂಬಿದಳು!

"ಯಾರದೋ ಹರಕೆ ಬಾಕಿ ಇಟ್ಕೊಂಡು ಅಂಗಡಿ ತೆಗಿಯಂಗಿಲ್ಲ," ಎಂದು ಅಪ್ಪಣೆಯಾಯಿತು. "ಇದು ಅಮ್ಮನಿಗೆ ಸೇರೋವರೆಗೂ ಮಿಷನ್ನು ಹೊಸಲು ದಾಟಂಗಿಲ್ಲ."

ಆಶಾಳ ಮುಖ ಬಾಡಿತು. "ಅತ್ತೆ, ಹೊಳೆ ದಂಡೆ ಗುಡೀನಾಗೆ ಹರಕೆ ತಗೊಳ್ಳೋದೇ ಶುಕ್ರವಾರ. ಅಂಗಡೀನೂ ಶುಕ್ರವಾರ. ಊರಿಗೆಲ್ಲ ಹೇಳೀವಿ."

"ಏಳಕ್ಕೆ ಹೋಗಾನ, ಹತ್ತರೊಳಗೆ ಬರಾನ. ಅಮ್ಮ ನಡೆಸಿಕೊಡ್ತಾಳೆ."

ಶುಕ್ರವಾರದವರೆಗೆ ಕಾಲನ್ನು ಸುಮ್ಮನೆ ಇಡಲಾಗುತ್ತದೆಯೇ? ಮಣೆಯ ಮೇಲೆ ಕೂರಿಸಿ, ಅರಿಶಿನ ಬಳಿದು, ಕುಂಕುಮ ಹಚ್ಚಿ, ಕಣಗಿಲೆ ಹೂವು ಏರಿಸಿ ಗಾದ್ರಮ್ಮ ಬೆಳಿಗ್ಗೆ ಸಂಜೆ ಅಡ್ಡಬಿದ್ದಳು. ಮಗನನ್ನು ಬೀಳಿಸಿದಳು, ಸೊಸೆಯನ್ನು ಬೀಳಿಸಿದಳು. ಬುಧವಾರ ಬೀದಿಯವರೂ ಬಂದರು. ಮಂಡಿ ನೋವಿನವರು, ಹಿಮ್ಮಡಿ ಒಡೆದವರು, ಒಬ್ಬಳು ಹಲ್ಲುನೋವಿನವಳು! ಗಂಡ ಬಂಗಾರಪ್ಪ ಮಾತ್ರ ಪೇಪರು ಮುಖಕ್ಕೆ ಅಡ್ಡ ಹಿಡಿದು ಮಂಚದ ಮೇಲೆ ಕೂತಿದ್ದ. ಟಪಾಲು ಇಲಾಖೆಯಲ್ಲಿ ದುಡಿದು ರಿಟೈರಾದ ಮನುಷ್ಯ. ಮಾತು ಕಡಿಮೆ.

"ನೀವೂ ಬಂದು ಕೈ ಮುಗೀರಿ."

"ನಾನ್ಯಾಕೆ? ನೀನೇ ಮುಗಿ. ಚೆನ್ನಾಗಿ ಮುಗಿ."

ಶುಕ್ರವಾರ ಏಳಕ್ಕೆ ಹೊರಡುವುದು ಎಂಟಾಯಿತು. ಕಲ್ಲೇಶನ ಆಟೋದಲ್ಲಿ ಮನೆಯ ನಾಲ್ವರು, ಅಂತರಘಟ್ಟಮ್ಮ, ಎರಡು ತೆಂಗಿನಕಾಯಿ, ಗಾದ್ರಮ್ಮನ ತೊಡೆಯ ಮೇಲೆ ಹೂವಿನ ಕಾಲು. ಗುಡಿಯ ಮುಂದೆ ನೋಡಿದರೆ ಸಾಲು ಹೊಳೆಯ ಮೆಟ್ಟಿಲವರೆಗೆ! ಆಶಾ ನಿಮಿಷಕ್ಕೊಮ್ಮೆ ಮೊಬೈಲಿನಲ್ಲಿ ಗಂಟೆ ನೋಡತೊಡಗಿದಳು. ಎಂಟೂ ಮುಕ್ಕಾಲು. ಒಂಬತ್ತು. ಸಾಲು ನಾಲ್ಕು ಹೆಜ್ಜೆ ಮುಂದೆ ಹೋಗಿತ್ತು. ಬಂಗಾರಪ್ಪ "ನಾನು ಆಟೋ ಕಾಯ್ತೀನಿ" ಎಂದು ಹಿಂದೆಯೇ ಉಳಿದಿದ್ದ.

ಅರಳಿಮರದ ಕೆಳಗೆ ಭಕ್ತರ ಚಪ್ಪಲಿ ಕಾಯುತ್ತಾ ಒಬ್ಬ ಮುದುಕ ಕೂತಿದ್ದ. ಹೆಸರು ದುರುಗಣ್ಣ. ಸಾಲು ಅವನ ಮುಂದೆ ಬಂದಾಗ ಅವನ ಕಣ್ಣು ಗಾದ್ರಮ್ಮನ ಕೈಮೇಲೆ ಬಿತ್ತು. ಧಡಕ್ಕನೆ ಎದ್ದು ನಿಂತ.

"ತಾಯೀ! ಆ ಫರ್ಮಾ ನಿಮಗೆಲ್ಲಿ ಸಿಕ್ತು?"

"ಫರ್ಮಾ ಅಲ್ಲಪ್ಪ, ಹರಕೆ ಕಾಲು."

"ಯಾವ ಹರಕೆ? ಬೂಟು ಹೊಲಿಯೋ ಫರ್ಮಾ ಅದು. ನಾನೇ ಕೆತ್ತಿದ್ದು. ಇದರ ಮೇಲೆ ತೊಗಲು ಎಳೆದು ಕೂರಿಸಿದ್ರೆ ಅಳತೆ ಬರ್ತೈತೆ. ಇದರ ಬಲಗಾಲು ನಮ್ಮನೆ ಬಾಗಿಲಿಗೆ ಆಸರೆ ಕೊಟ್ಟೀನಿ! ನನ್ನ ಮೊಮ್ಮಗ ಮನೆ ಸುಣ್ಣ ಹೊಡಿಯೋವಾಗ ನನ್ನ ಟ್ರಂಕು ಗುಜರಿಗೆ ಹಾಕಿಬಿಟ್ಟ. ಅದ್ರಾಗೆ ಒಂದು ರಂಪಿಗೆನೂ ಇತ್ತಲ್ಲ, ಚಂದ್ರನ ಥರದ್ದು, ತೊಗಲು ಹೆರೆಯೋದು?"

ಗಾದ್ರಮ್ಮನಿಗೆ ಪಾಯಸ ನೆನಪಾಯಿತು. ಕಲ್ಲೇಶ ಮೆಲ್ಲಗೆ ಹೊಟ್ಟೆ ಮುಟ್ಟಿಕೊಂಡ.

"ಇತ್ತಪ್ಪ," ಎಂದಳು ಸಣ್ಣ ದನಿಯಲ್ಲಿ. "ತೊಳೆದಿಟ್ಟೀನಿ. ಆ ಕೊಂಬು?"

"ದಬ್ಬಳ ಸಲೀಸಾಗಿ ಇಳೀಲಿ ಅಂತ ಅದ್ದೋ ಕೊಬ್ಬು ಅದ್ರಾಗೆ ಇರ್ತಿತ್ತು."

ಅಂತರಘಟ್ಟಮ್ಮ ಕೆಮ್ಮಿದಳು. ಆ ಕೆಮ್ಮು ಗಾದ್ರಮ್ಮನಿಗೆ ಚೆನ್ನಾಗಿ ಅರ್ಥವಾಯಿತು. ಕಟ್ಟಕಡೆಯ ಆಸೆಯಿಂದ ಕೇಳಿದಳು: "ಹಂಗಾದ್ರೆ ಈ ಗಂಟು ಯಾಕೆ?"

ದುರುಗಣ್ಣ ಕಾಲನ್ನು ಎರಡೂ ಕೈಯಲ್ಲಿ ಇಸಿದುಕೊಂಡ. ಪಂಚೆಯ ತುದಿಯಿಂದ ಕುಂಕುಮ ಒರೆಸಿದ. ಹೆಬ್ಬೆರಳು ಆ ಗಂಟಿನ ಮೇಲೆ ತಾನಾಗಿ ಹೋಗಿ ಕೂತಿತು.

"ತೊಗಲಿನ ಚೂರು ಮೊಳೆ ಹೊಡೆದು ಕೂರಿಸೀನಿ. ಟಪಾಲು ಹಂಚೋ ಹುಡುಗ ಒಬ್ಬ. ಕಿರುಬೆರಳ ಮೇಲೆ ಬಂಡಿ ಗಾಲಿ ಹತ್ತಿತ್ತು, ಪೇಟೆ ಬೂಟು ಯಾವುದೂ ಹಿಡಿಸ್ತಿರಲಿಲ್ಲ. ಹೊನ್ನಾಳಿಗೆ ನನ್ನ ಅಂಗಡಿಗೆ ಬಂದ. ಮದುವೆ ಅಂತೆ. 'ದುರುಗಣ್ಣ, ಹೆಜ್ಜೆ ಇಟ್ರೆ ಜೀರ್ ಅನ್ನಬೇಕು. ಹೆಣ್ಣು ನಡುಮನೆಯಾಗೆ ಕೂತಿರ್ತಾಳೆ, ನಾನು ಅಂಗಳದಾಗೆ ಬಂದಿದ್ದು ಅವಳಿಗೆ ಕೇಳ್ಬೇಕು' ಅಂದ. ನಗಬ್ಯಾಡ್ರಿ. ಎರಡು ಪದರದ ನಡುವೆ ಒಣ ತೊಗಲಿಟ್ಟು ಹೊಲಿದೆ. ಅಂಥಾ ಜೀರಿಕೆ ಇನ್ನೊಂದು ಬೂಟಿಗೆ ಬರಲಿಲ್ಲ."

"ಯಾವ ಊರಿನ ಹುಡುಗ?" ಎಂದು ಗಾದ್ರಮ್ಮ ಒಂದು ಹೆಜ್ಜೆ ಹತ್ತಿರ ಬಂದಳು.

"ಸಾಸ್ವೆಹಳ್ಳಿ. ಹೆಣ್ಣು ಗೋವಿನಕೋವೀದು."

ಸಾಲು ಮುಂದೆ ಹೋಯಿತು. ಗಾದ್ರಮ್ಮ ಹೋಗಲಿಲ್ಲ. ನಲವತ್ತಾರು ವರ್ಷದ ಹಿಂದಿನ ಗೋವಿನಕೋವಿಯ ನಡುಮನೆ. ತಲೆ ತಗ್ಗಿಸಿ ಕೂತ ಹುಡುಗಿ. ಸುತ್ತ ಗೆಳತಿಯರು. ಹೊರಗೆ ಅಂಗಳದಲ್ಲಿ ಜೀರ್... ಜೀರ್... "ಬಂದ ನೋಡೇ ನಿನ್ನ ಜೀರಪ್ಪ!" ಎಂದು ಗೆಳತಿಯರು ಬಿದ್ದು ಬಿದ್ದು ನಕ್ಕಿದ್ದರು. ಅವಳೂ ಸೆರಗಿನೊಳಗೆ ನಕ್ಕಿದ್ದಳು. ಗಂಡಿನ ಮುಖ ಹೇಗಿದೆಯೋ ನೋಡಿರಲಿಲ್ಲ, ಆ ಸದ್ದನ್ನು ಮಾತ್ರ ಅವತ್ತೇ ಒಪ್ಪಿಕೊಂಡಿದ್ದಳು. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿದವಳಲ್ಲ.

"ಅತ್ತೆ!" ಆಶಾ ಮೊಣಕೈ ಹಿಡಿದು ಅಲ್ಲಾಡಿಸಿದಳು. "ಒಂಬತ್ತೂ ಇಪ್ಪತ್ತು! ಹರಕೇನೇ ಅಲ್ಲ ಅಂದ ಮೇಲೆ ಇನ್ನೇನು? ನಡೀರಿ!"

"ನೀನೂ ಆಟೋ ಹತ್ತು ದುರುಗಣ್ಣ," ಎಂದಳು ಗಾದ್ರಮ್ಮ. "ನಿನ್ನ ಟ್ರಂಕು ನಮ್ಮನ್ಯಾಗೈತೆ. ನಮ್ಮ ಸೊಸೆ ಅಂಗಡಿ ಬಾಗ್ಲು ನೀನೇ ತೆಗಿ. ಸೂಜಿ ಹಿಡಿದು ಬದುಕಿದ ಕೈ."

ಚಪ್ಪಲಿ ಕಾಯಲು ಅಲ್ಲೇ ಕಾಯಿ ಮಾರುತ್ತಿದ್ದ ತಮ್ಮನನ್ನು ಕೂರಿಸಿ ದುರುಗಣ್ಣ ಆಟೋ ಹತ್ತಿದ. ಬಂಗಾರಪ್ಪನ ಎಡಗಾಲಿನ ಕಿರುಬೆರಳನ್ನು ಒಮ್ಮೆ ನೋಡಿ, ಮುಖ ಒಮ್ಮೆ ನೋಡಿ, ಬೊಚ್ಚುಬಾಯಿ ಅಗಲ ಮಾಡಿ ನಕ್ಕ. ಕಲ್ಲೇಶ ಆಟೋವನ್ನು ಪುಷ್ಪಕವಿಮಾನ ಮಾಡಿದ. ಸಾಸ್ವೆಹಳ್ಳಿಯ ಮನೆ ತಲುಪಿದಾಗ ಹತ್ತಕ್ಕೆ ಎಂಟು ನಿಮಿಷ ಬಾಕಿ. ಮಿಷನ್ನು ಹೊಸಲು ದಾಟಿತು. ಬಸ್ ಸ್ಟ್ಯಾಂಡಿನ ಎದುರು ದುರುಗಣ್ಣ ಅಂಗಡಿ ಬಾಗಿಲು ತೆಗೆದ. ಹತ್ತು ಗಂಟೆಗೆ ಸರಿಯಾಗಿ ಆಶಾಳ ಕಾಲಡಿಯಲ್ಲಿ ಮಿಷನ್ನು ಗರಗರ ಎಂದಿತು. ಸಂಜೆ ಟ್ರಂಕು ಒಯ್ಯುವಾಗ ದುರುಗಣ್ಣ ರಂಪಿಗೆ, ಕೊಂಬು ಎರಡೂ ತಗೊಂಡ. ಮರದ ಕಾಲು ಮಾತ್ರ ಹಿಂದಕ್ಕೆ ಕೊಟ್ಟ. "ಇದು ನಿಮ್ಮ ಮನೇ ಕಾಲು ತಾಯಿ."

ಜನವೆಲ್ಲ ಚದುರಿದ ಮೇಲೆ ಗಾದ್ರಮ್ಮ ಗಂಡನ ಎದುರು ನಿಂತಳು. ಕೈಯಲ್ಲಿ ಆ ಕಾಲು.

"ಅಲ್ರೀ, ನನಗೆ ತಿಳೀಲಿಲ್ಲ, ಒಪ್ಕೊಂಡೆ. ನಿಮ್ಮ ಕಾಲು ನಿಮಗೇ ಗುರ್ತು ಸಿಗಲಿಲ್ವೇನ್ರೀ?"

"ಟ್ರಂಕಿಂದ ತೆಗೆದ ಕೂಡ್ಲೇ ಸಿಕ್ತು."

ಆಶಾ ಮಿಷನ್ನು ನಿಲ್ಲಿಸಿದಳು. "ಮಾವಾ! ಗೊತ್ತಿದ್ದೂ ಸುಮ್ನಿದ್ರಾ? ನನ್ನ ಅಂಗಡೀನೇ ನಿಂತು ಹೋಗ್ತಿತ್ತಲ್ರಿ!"

"ಹೇಳಾಕೆ ಅಂತ ಬಾಯಿ ತೆಗೆದೆ ಕಣಮ್ಮ," ಎಂದ ಬಂಗಾರಪ್ಪ. "ಅಷ್ಟ್ರಾಗೆ ನಿಮ್ಮತ್ತೆ ಅಡ್ಡಬಿದ್ಲು. ಮದುವೆ ದಿನ ಹಿರೇರೆಲ್ಲ ಸೇರಿ 'ಗಂಡನ ಕಾಲಿಗೆ ಬೀಳವ್ವ' ಅಂದ್ರೆ, 'ಸೊಂಟ ಹಿಡಕೊಂಡೈತೆ' ಅಂದೋಳು ಇವಳು! ನಲವತ್ತಾರು ವರ್ಷ ಆ ಸೊಂಟ ಬಿಟ್ಟಿರಲಿಲ್ಲ. ಈಗ ನೋಡಿದ್ರೆ ನನ್ನ ಕಾಲಿಗೆ ದಿನಕ್ಕೆ ಎರಡು ಹೊತ್ತು ಪೂಜೆ! 'ಇನ್ನೂ ಒಂದು ವಾರ ಬಿಟ್ಟು ಒಪ್ಪಿಸಾನ' ಅಂತ ಹೇಳೋನಿದ್ದೆ. ನಿನ್ನ ಅಂಗಡಿ ನೆನಪಾಗಿ ಸುಮ್ನಾದೆ."