ಐದೇ ಹೆಜ್ಜೆಯಲ್ಲಿ ನಲ್ಲಿ ರಿಪೇರಿ

"ಇನ್ನು ಮೇಲೆ ನಾನು ಯಾರ ಕೈಕೆಳಗೂ ದುಡಿಯೋನಲ್ಲ!"

ನಾನು ಹೀಗೆಂದು ಘೋಷಿಸಿದಾಗ ನನ್ನಾಕೆ ಶಾಲೆಯ ಮಕ್ಕಳ ಗಣಿತದ ಉತ್ತರಪತ್ರಿಕೆ ತಿದ್ದುತ್ತಿದ್ದಳು. ತಲೆ ಎತ್ತಲಿಲ್ಲ. ಯಾವುದೋ ಬಡಪಾಯಿಗೆ ಸೊನ್ನೆ ಸುತ್ತುತ್ತಾ, "ಯಾಕ್ರೀ, ಕೆಲಸದಿಂದ ತೆಗೆದುಹಾಕಿದ್ರಾ?" ಎಂದಳು.

"ಅವರೇನು ತೆಗೆಯೋದು, ನಾನೇ ಬಿಡ್ತೀನಿ! ಬ್ಲಾಗ್ ಬರೆದು ಸಂಪಾದಿಸ್ತೀನಿ. ಎಷ್ಟೋ ಜನ ಮನೇಲಿ ಚಡ್ಡಿ ಹಾಕ್ಕೊಂಡು ಕೂತು ಬ್ಲಾಗ್ ಬರೆದೇ ಆರಾಮಾಗಿದ್ದಾರೆ, ಗೊತ್ತಾ?"

"ಚಡ್ಡಿ ಹಾಕ್ಕೊಂಡು ಕೂರೋದು ನಿಮಗೆ ಆಗಲೇ ಬರುತ್ತೆ. ಉಳಿದದ್ದು ಬರುತ್ತಾ ನೋಡ್ಕೊಳ್ಳಿ."

ಮಹಾಪುರುಷರ ಮನೆಯಲ್ಲಿ ಮಹಾಪುರುಷರಿಗೆ ಬೆಲೆ ಇರುವುದಿಲ್ಲ. ಅದರಲ್ಲೂ ಆ ಮಹಾಪುರುಷ ರಟ್ಟಿನ ಪೆಟ್ಟಿಗೆ ತಯಾರಿಸುವ ಕಂಪನಿಯ ರವಾನೆ ವಿಭಾಗದಲ್ಲಿ ಗುಮಾಸ್ತನಾಗಿದ್ದರಂತೂ ಕೇಳುವುದೇ ಬೇಡ. ಖಾಲಿ ಪೆಟ್ಟಿಗೆಗಳನ್ನು ಎಣಿಸಿ ಎಣಿಸಿ ನನ್ನ ತಲೆಯೂ ಅವುಗಳಲ್ಲೊಂದಾಗುವ ಮುನ್ನ ಪಾರಾಗಬೇಕೆಂದು ನಾನು ನಿಶ್ಚಯಿಸಿದ್ದೆ.

ಹುಂಬತನದಿಂದ ಧುಮುಕಿದೆ ಎಂದುಕೊಳ್ಳಬೇಡಿ. 'ಹೊಸ ಬ್ಲಾಗಿಗರು ಮಾಡುವ ತಪ್ಪುಗಳು' ಎಂಬ ಬರಹಗಳನ್ನೆಲ್ಲ ಹುಡುಕಿ ಹುಡುಕಿ ಓದಿದೆ. ಎಷ್ಟು ಶ್ರದ್ಧೆಯಿಂದ ಓದಿದೆನೆಂದರೆ, ಮುಂದೆ ಅವುಗಳಲ್ಲಿ ಒಂದನ್ನೂ ಬಿಡದೆ ಮಾಡಲು ನನಗೆ ಸಾಧ್ಯವಾಯಿತು!

'ಎಲ್ಲದರ ಬಗ್ಗೆ ಬರೆಯುವವನನ್ನು ಯಾರೂ ಓದುವುದಿಲ್ಲ' ಎಂದು ಅವುಗಳಲ್ಲಿತ್ತು. ನಾನು ಮೊದಲ ವಾರವೇ ಜಾಗತಿಕ ಆರ್ಥಿಕತೆ, ಕೂದಲು ಉದುರುವಿಕೆ ಮತ್ತು ಆನೆಗಳ ನಿದ್ರೆಯ ಬಗ್ಗೆ ಬರೆದೆ. ಓದಿದವರು ಇಬ್ಬರು. ಒಬ್ಬ ನಾನು. ಇನ್ನೊಬ್ಬಳು ನನ್ನಾಕೆ, ಅದೂ ಬೇರೇನೋ ಹುಡುಕುವಾಗ ಬೆರಳು ಜಾರಿ.

ಜಾಹೀರಾತಿನ ಕಥೆ ಇನ್ನೂ ಘೋರ. ಬ್ಲಾಗಿನಲ್ಲಿ ಜಾಹೀರಾತು ಬರುತ್ತದೆ, ಓದುಗರು ಅದನ್ನು ಒತ್ತಿದರೆ ನಮಗೆ ದುಡ್ಡು ಬರುತ್ತದೆ. ಆದರೆ ಬಂಧುಬಳಗದ ಕೈಯಲ್ಲಿ ಒತ್ತಿಸಬಾರದು! ಗೊತ್ತಿದ್ದೂ ನಾನು ನಮ್ಮತ್ತೆಗೆ ಒಂದು ಮಾತು ಹೇಳಿಬಿಟ್ಟೆ. ಅಳಿಯನ ಏಳಿಗೆಗಾಗಿ ಆ ತಾಯಿ ಲೆಕ್ಕವಿಲ್ಲದಷ್ಟು ಒತ್ತಿದರು. ಒತ್ತಾಸೆ ಎಂದರೆ ಒತ್ತುವ ಆಸೆ ಎಂದು ನನಗೆ ಅರ್ಥವಾದದ್ದು ಆಗಲೇ! ಜಾಹೀರಾತು ಕಂಪನಿ ನನ್ನ ಖಾತೆಗೆ ಬೀಗ ಜಡಿಯಿತು. ಕಾಲಿಗೆ ಬಿದ್ದು ಬೀಗ ತೆಗೆಸುವಷ್ಟರಲ್ಲಿ ಅತ್ತೆ ಫೋನು ಮಾಡಿದರು.

"ಅಳಿಯಂದಿರೇ, ಬಲಗೈ ಹೆಬ್ಬೆರಳು ಊದಿಕೊಂಡಿದೆ. ಎಡಗೈಯಲ್ಲಿ ಒತ್ತಿದ್ರೆ ದುಡ್ಡು ಕಮ್ಮಿ ಬರುತ್ತಾ?"

ಕೊನೆಗೆ ನನ್ನಾಕೆಯೇ ಕನಿಕರಪಟ್ಟು, "ಯಾವುದಾದ್ರೂ ಒಂದೇ ವಿಷಯ ಹಿಡ್ಕೊಳ್ರೀ. ನಿಮಗೆ ಚೆನ್ನಾಗಿ ಗೊತ್ತಿರೋದನ್ನ ಬರೀರಿ" ಎಂದಳು.

"ಒಳ್ಳೆ ಮಾತು. ನನಗೆ ಚೆನ್ನಾಗಿ ಗೊತ್ತಿರೋದು ಯಾವುದು ಹೇಳು?"

ಅವಳು ಪೆನ್ನು ಕೆಳಗಿಟ್ಟು ಯೋಚಿಸಿದಳು. ಕಿಟಕಿಯಾಚೆ ನೋಡಿ ಯೋಚಿಸಿದಳು. ಆಮೇಲೆ ಎದ್ದು ಬಟ್ಟೆ ಒಣಹಾಕಲು ಹೋದಳು. ಉತ್ತರ ಇನ್ನೂ ಬಂದಿಲ್ಲ.

ಹಾಗಾಗಿ ನಾನೇ ಆರಿಸಿಕೊಂಡೆ: ಮನೆ ರಿಪೇರಿ! ಜನರಿಗೆ ಬೇಕಾದ ವಿಷಯ. ನಾನು ಗೋಡೆಗೆ ಮೊಳೆ ಹೊಡೆಯಲು ಹೋಗಿ ಪಕ್ಕದ ಮನೆಯ ಗಡಿಯಾರ ಬೀಳಿಸಿದವನೆಂಬುದು ಓದುಗರಿಗೇನು ಗೊತ್ತು? 'ಗೃಹಬಂಧು' ಎಂಬ ಗುಪ್ತನಾಮ ಇಟ್ಟುಕೊಂಡೆ. ಅಲ್ಲಿ ಇಲ್ಲಿ ಓದಿದ್ದನ್ನು ಕಲಸಿ, ನಲ್ಲಿ ಸೋರುವುದನ್ನು ನಿಲ್ಲಿಸುವ ವಿಧಾನ ಬರೆದೆ. ತಲೆಬರಹದಲ್ಲಿ ಬೆಸಸಂಖ್ಯೆ ಇದ್ದರೆ ಓದುಗರು ಮುಗಿಬೀಳುತ್ತಾರೆ ಎಂಬುದು ಪಂಡಿತರ ಮತ. 'ಐದೇ ಹೆಜ್ಜೆಯಲ್ಲಿ ನಲ್ಲಿ ರಿಪೇರಿ! ಪ್ಲಂಬರ್ ಯಾಕೆ ಬೇಕು?' ಎಂದು ತಲೆಬರಹ ಕೊಟ್ಟೆ. ಎಣಿಸಿ ನೋಡಿದರೆ ಹೆಜ್ಜೆಗಳು ಆರಿದ್ದವು!

ತಲೆಬರಹ ಬದಲಿಸಲು ಮನಸ್ಸು ಬರಲಿಲ್ಲ. ಒಂದು ಹೆಜ್ಜೆ ಬಿಡೋಣವೆಂದು ನೋಡಿದೆ. ಮೊದಲನೆಯದೇ ತೀರಾ ಸಪ್ಪೆ: 'ನೀರಿನ ಮುಖ್ಯ ವಾಲ್ವ್ ಮುಚ್ಚಿ.' ಇದರಲ್ಲಿ ಏನು ರೋಮಾಂಚನವಿದೆ? ಬರಹದ ಆರಂಭ ಓದುಗನ ಕೊರಳಪಟ್ಟಿ ಹಿಡಿಯಬೇಕಂತೆ! ಅದನ್ನು ಕಿತ್ತೆಸೆದು ಎರಡನೆಯದರಿಂದಲೇ ಶುರುಮಾಡಿದೆ: 'ಧೈರ್ಯವಾಗಿ ನಲ್ಲಿಯನ್ನು ಬಿಚ್ಚಿ!'

ಬರಹ ಓಡಿತು, ತಿಂಗಳಿಡೀ ಓಡಿತು. ಅಂತಿಂಥ ಓಟವಲ್ಲ! ಯಾರಾದರೂ ಪ್ರತಿಕ್ರಿಯೆ ಬರೆದರೆ ಕೂಡಲೇ ತಿಳಿಯಲೆಂದು ನನ್ನ ಮೊಬೈಲಿನಲ್ಲಿ 'ಟಿಂಗ್' ಎಂಬ ಗಂಟೆಯನ್ನೂ ಇಟ್ಟುಕೊಂಡೆ. ಪ್ರತಿಕ್ರಿಯೆ ಮಾತ್ರ ಒಂದೂ ಬರಲಿಲ್ಲ. ಬೆರಗಿನಿಂದ ಮೂಕರಾಗಿದ್ದಾರೆ ಎಂದುಕೊಂಡೆ. ಸೋಮವಾರ ಮ್ಯಾನೇಜರಿಗೆ ಏನು ಹೇಳಿ ಕೆಲಸ ಬಿಡುವುದೆಂದು ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ.

ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಒಂದು ಹನಿ ನೀರು ಕೀಲಿಮಣೆಯ ಮೇಲೆ ಬಿತ್ತು. ಇನ್ನೊಂದು ನನ್ನ ಮೂಗಿನ ಮೇಲೆ. ತಲೆಯೆತ್ತಿ ನೋಡಿದೆ. ಛಾವಣಿಯ ಮೇಲೆ ಒದ್ದೆಯ ಕಲೆಯೊಂದು ನೋಡನೋಡುತ್ತಿದ್ದಂತೆ ಹಿಗ್ಗುತ್ತಿತ್ತು. ಆಮೇಲೆ ಹನಿಯಲ್ಲ, ಧಾರೆ! ನನ್ನ ಲ್ಯಾಪ್‌ಟಾಪ್ ಒಮ್ಮೆ ಬಿಕ್ಕಿ ಕಣ್ಣು ಮುಚ್ಚಿತು.

"ಮೇಲಿನ ಮನೆ!" ಎಂದು ಕೂಗುತ್ತಾ ನನ್ನಾಕೆ ಮೆಟ್ಟಿಲು ಹತ್ತಿದಳು. ಹಿಂದೆ ನಾನು.

ಮೇಲಿನ ಮನೆಯಲ್ಲಿರುವವರು ನಿವೃತ್ತ ಪೊಲೀಸ್ ಅಧಿಕಾರಿ. ಬೀದಿಯವರೆಲ್ಲ ಅವರನ್ನು ಕರೆಯುವುದು 'ಸಾಹೇಬರು' ಎಂದೇ. ಅವರ ಮೀಸೆ ಕಂಡರೆ ಬೀದಿನಾಯಿಗಳೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ. ಅಂಥವರು ಬಚ್ಚಲಿನಲ್ಲಿ ಬನಿಯನ್ ಹಾಕಿಕೊಂಡು, ಬಾಯಿ ತೆರೆದ ಪೈಪಿಗೆ ಎರಡೂ ಅಂಗೈ ಒತ್ತಿ ನಿಂತಿದ್ದರು. ಬೆರಳ ಸಂದಿಯಿಂದ ನೀರು ಚಿಮ್ಮಿ ಮೀಸೆ ಜೋತುಬಿದ್ದಿತ್ತು. ನಡುಮನೆಯಲ್ಲಿ ಚಪ್ಪಲಿಗಳು ತೇಲುತ್ತಿದ್ದವು.

ನನ್ನಾಕೆ ತಾರಸಿಗೆ ಓಡಿ ಟ್ಯಾಂಕಿನ ವಾಲ್ವ್ ತಿರುಗಿಸಿದಳು. ನೀರು ನಿಂತಿತು. ಸಾಹೇಬರು ಸೀದಾ ನಡುಮನೆಗೆ ಬಂದು ಮೇಜಿನ ಮೇಲಿದ್ದ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದರು.

"ಓದಯ್ಯಾ ಇದನ್ನ!"

ಓದಿದೆ. ಓದುವುದೇನು, ಬಾಯಿಪಾಠವೇ ಇತ್ತು. ಮೇಲಿನಿಂದ ನೀರಿಳಿಯುವುದು ನಿಂತಿತು, ನನ್ನ ಮೈಯಿಂದ ಶುರುವಾಯಿತು.

"ಅಕ್ಷರ ತಪ್ಪದೆ ಇವನು ಹೇಳಿದಂಗೇ ಮಾಡಿದ್ದೀನಿ ಕಣಯ್ಯಾ. ಧೈರ್ಯವಾಗಿ ಬಿಚ್ಚಿ ಅಂದ, ಬಿಚ್ಚಿದೆ. ಗೃಹಬಂಧು ಅಂತೆ! ಇವನನ್ನ ಗೃಹಬಂಧನದಲ್ಲಿ ಇಡ್ಬೇಕು!"

"ಖಂಡಿತಾ ಸಾರ್," ಎಂದೆ. "ಇಂಥವರಿಂದಾನೇ ಸಮಾಜ ಹಾಳಾಗ್ತಿರೋದು."

ಬಾಗಿಲಲ್ಲಿ ನಿಂತಿದ್ದ ನನ್ನಾಕೆ ಕೆಮ್ಮಿದಳು.

"ನಿನಗೆ ಈ ಕಂಪ್ಯೂಟರ್ ವಿದ್ಯೆ ಗೊತ್ತಲ್ಲ. ಇವನ ವಿಳಾಸ ಹುಡುಕಿಕೊಡು."

"ಅದೆಲ್ಲಾ ಕಷ್ಟ ಸಾರ್. ಇವರು ಯಾವ ದೇಶದಲ್ಲಿರ್ತಾರೋ ಏನೋ…"

"ಹಾಗಾದ್ರೆ ಇವನ ಬರಹದ ಕೆಳಗೇ ನಾಲ್ಕು ಮಾತು ಬರೀತೀನಿ." ಸಾಹೇಬರು ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಬರೆದು ಒತ್ತಿದರು.

ಟಿಂಗ್!

ನನ್ನ ಜೇಬಿನಿಂದ. ಸಾಹೇಬರು ನನ್ನನ್ನು ನೋಡಿದರು. ನಾನು ಫ್ಯಾನು ನೋಡಿದೆ. ಮೂವತ್ತು ವರ್ಷ ಕಳ್ಳರನ್ನು ಹಿಡಿದ ಮನುಷ್ಯ! ಇನ್ನೊಂದು ಸಲ ಬರೆದು, ನನ್ನ ಜೇಬನ್ನೇ ನೋಡುತ್ತಾ ಒತ್ತಿದರು.

ಟಿಂಗ್!

ರಟ್ಟಿನ ಕಂಪನಿಯವನ ಗುಟ್ಟು ರಟ್ಟಾಗದೆ ಇರುತ್ತದೆಯೇ?

"ಆರು ಹೆಜ್ಜೆ ಇತ್ತು ಸಾರ್," ಎಂದು ತೊದಲಿದೆ. "ತಲೆಬರಹಕ್ಕೋಸ್ಕರ ಒಂದು ಕಳೆದೆ."

"ಯಾವುದು?" ಎಂದಳು ನನ್ನಾಕೆ.

"ವಾಲ್ವ್ ಮುಚ್ಚೋದು."

"ಆರರಲ್ಲಿ ಒಂದು ಕಳೆದ್ರೆ ಐದು ಉಳಿಯುತ್ತೆ ಅಂತ ನಾನು ಮಕ್ಕಳಿಗೆ ಹೇಳ್ಕೊಡ್ತೀನಿ," ಎಂದಳು. "ನೀವು ಕಳೆದ್ರೆ ಏನೂ ಉಳಿಯಲ್ಲ ಕಣ್ರೀ."

ಸಾಹೇಬರು ನನ್ನನ್ನು ಠಾಣೆಗೆ ಕಳಿಸಲಿಲ್ಲ. ಮೂಲೆಯಲ್ಲಿದ್ದ ನೆಲ ಒರೆಸುವ ಕೋಲು ತಂದು ನನ್ನ ಕೈಗಿತ್ತು, ಕುರ್ಚಿ ಎಳೆದುಕೊಂಡು ಕೂತರು. "ಶುರುಮಾಡು. ಧೈರ್ಯವಾಗಿ!"

ನಾನು ಮಂಚದ ಕೆಳಗೆ ತೂರಿ ಒರೆಸುತ್ತಿದ್ದಾಗ ಸಾಹೇಬರು ಫೋನು ಮಾಡಿ ಕರೆಸಿದ್ದ ಪ್ಲಂಬರ್ ಬಂದ. ಬಚ್ಚಲಿಗೆ ಇಣುಕಿ, "ಗೃಹಬಂಧು ಓದಿ ಬಿಚ್ಚಿದ್ರಾ ಸಾಹೇಬ್ರೇ?" ಎಂದ.

"ನಿನಗೆ ಹೇಗಯ್ಯಾ ಗೊತ್ತು?"

"ಈಗ ಹೋದಲ್ಲೆಲ್ಲಾ ಇದೇ ಕಥೆ. ವಾಲ್ವ್ ಮುಚ್ಚದೆ ಬಿಚ್ಚೋರೆಲ್ಲಾ ಅವರ ಓದುಗರೇ."

ಪ್ರತಿಕ್ರಿಯೆ ಯಾಕೆ ಬರಲಿಲ್ಲವೆಂದು ಆಗ ಹೊಳೆಯಿತು. ಪಾಪ, ಯಾರ ಕೈಯೂ ಬಿಡುವಾಗಿರಲಿಲ್ಲ!

ನನ್ನಾಕೆ ಮಂಚದ ಕೆಳಗೆ ಬೆರಳು ತೋರಿಸಿ, "ನೋಡಪ್ಪಾ, ಆ ಗೃಹಬಂಧು ಇವರೇ" ಎಂದಳು. ಕಟ್ಟಿಕೊಂಡವಳೇ ಹೀಗೆ ಬಿಟ್ಟುಕೊಟ್ಟರೆ ಇನ್ನಾರು ದಿಕ್ಕು? ಸ್ಪ್ಯಾನರ್ ಏಟು ಎಲ್ಲಿ ಬೀಳುವುದೋ ಎಂದು ತಲೆಗೆ ಕೈ ಅಡ್ಡ ಹಿಡಿದು ಹೊರಗೆ ತೆವಳಿದೆ.

ಪ್ಲಂಬರ್ ಸ್ಪ್ಯಾನರ್ ಕೆಳಗಿಟ್ಟ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ!

"ಸಾರ್, ನೀವಾ! ನಿಮ್ಮನ್ನ ಒಂದ್ಸಲ ನೋಡ್ಬೇಕು ಅಂತಿದ್ದೆ ಸಾರ್. ಹೊಸ ಗಾಡಿ ತಗೊಂಡೆ, ತಂಗಿ ಓದಿಗೆ ಫೀಸು ಕಟ್ಟಿದೆ, ಎಲ್ಲಾ ನಿಮ್ಮ ಬ್ಲಾಗಿಂದಾನೇ. ಬರೆಯೋದನ್ನ ಮಾತ್ರ ನಿಲ್ಲಿಸಬೇಡಿ!"

ನಿಮ್ಮಾಣೆಗೂ ನನ್ನ ಎದೆ ಉಬ್ಬಿತು. ಒರೆಸಬೇಕಾದ ನೆಲ ಇನ್ನೂ ಬಾಕಿಯಿರುವುದನ್ನೂ ಮರೆತು, ಅಭಿಮಾನಿಯ ಮುಂದೆ ನಿಂತ ಸಾಹಿತಿಯಂತೆ ಗಂಟಲು ಸರಿಪಡಿಸಿಕೊಂಡು ಕೇಳಿದೆ: "ಮುಂದೆ ಯಾವುದರ ಬಗ್ಗೆ ಬರೀಲಿ ಅಂತೀಯಾ?"

ಅವನು ಹೆಚ್ಚು ಯೋಚಿಸಲಿಲ್ಲ.

"ಕಮೋಡ್ ಬಗ್ಗೆ ಬರೀರಿ ಸಾರ್. ಅದಕ್ಕೆ ಕೂಲಿ ಡಬಲ್!"