ತಲೆ ತಿನ್ನುವ ರಾಕ್ಷಸರಿಗೆ ಅನುವಾದಕಿಯ ಅಹವಾಲು

ಬಹುದಂತ ವಿಭೂಷಿತ, ನಗರಭಕ್ಷಕ, ಸಕಲ ಬೀದಿಗಳ ಏಕಮಾತ್ರ ಒಡೆಯರಾದ ಹಿರಿಯ ರಾಕ್ಷಸರ ಸನ್ನಿಧಿಗೆ,

ಮಾನ್ಯರೇ,

ಹನ್ನೆರಡು ಸಂಪುಟಗಳ ತಮ್ಮ ಮಾಂಗಾ ಚಿತ್ರಕಥೆಯಲ್ಲಿ ತಾವೂ ತಮ್ಮ ಬಂಧುಬಳಗವೂ ಕ್ಷೇಮವಾಗಿದ್ದು, ಹೊತ್ತು ಹೊತ್ತಿಗೆ ಮನುಷ್ಯರು ದೊರೆಯುತ್ತಿದ್ದಾರೆಂದು ನಂಬಿದ್ದೇನೆ. ತಮ್ಮ ಕಥೆಯನ್ನು ಕನ್ನಡಕ್ಕೆ ತರುತ್ತಿದ್ದ ಅನುವಾದಕಿ ನಾನು. ಮೊದಲ ಸಂಪುಟದಲ್ಲಿ ತಾವು ಸೇತುವೆ ಮುರಿದು ಊರೊಳಗೆ ಬಂದ ದಿನದಿಂದ ತಮ್ಮ ಬೆನ್ನ ಹಿಂದೆಯೇ ನಡೆದು ಬಂದಿದ್ದರೂ, ಎದುರು ನಿಂತು ಪರಿಚಯ ಹೇಳಿಕೊಳ್ಳುವ ಧೈರ್ಯ ಸಾಲದೆ ಇಷ್ಟು ತಡವಾಯಿತು. ಈ ಪತ್ರದಲ್ಲಿ ತಪ್ಪೇನಾದರೂ ಕಂಡರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಬೇಕು, ತಪ್ಪನ್ನು ಮಾತ್ರ.

ತಮ್ಮ ಸೇವೆಗೆ ಬರುವ ಮೊದಲು ಹದಿನೇಳು ವರ್ಷ ನಾನು ಬಟ್ಟೆ ಒಗೆಯುವ ಯಂತ್ರಗಳ ಜೊತೆ ಬರುವ ಸೂಚನಾ ಪುಸ್ತಕಗಳನ್ನು ಅನುವಾದಿಸುತ್ತಿದ್ದೆ. ಆ ಕನ್ನಡವನ್ನು ಓದುವುದಿರಲಿ, ಅದರ ಪ್ಲಾಸ್ಟಿಕ್ ಚೀಲವನ್ನು ಹರಿದವರನ್ನೂ ನಾನು ಕಂಡಿಲ್ಲ. ನನ್ನ ಹೆಸರು ಮೊದಲ ಬಾರಿಗೆ ಅಚ್ಚಾದದ್ದು ತಮ್ಮ ಪುಸ್ತಕದ ಒಳಪುಟದಲ್ಲಿ. ಅಮ್ಮ ಅದನ್ನು ಅಕ್ಕಪಕ್ಕದವರಿಗೆಲ್ಲ ತೋರಿಸಿ ಬಂದು, ಕನ್ನಡಕ ಹಾಕಿಕೊಂಡು ಇಡೀ ಪುಸ್ತಕ ತಿರುವಿಹಾಕಿ, "ಎಲ್ಲಾ ಚೆನ್ನಾಗಿದೆ ಕಣೇ, ಆದ್ರೆ ಮಂಗ ಎಲ್ಲೂ ಕಾಣ್ಲಿಲ್ಲ" ಎಂದರು. ನನ್ನ ಆಸೆ ದೊಡ್ಡದೇನಲ್ಲ. ಹೆಸರು ಆ ಪುಟದಲ್ಲಿ ಉಳಿಯಬೇಕು, ನಾನು ಬರೆದದ್ದನ್ನು ಓದಿ ಯಾರಾದರೂ ಒಬ್ಬರು ಒಮ್ಮೆಯಾದರೂ ಹೆದರಬೇಕು.

ಅದಕ್ಕೆ ಅಡ್ಡಿಯಾಗಿರುವುದು ತಮ್ಮ ಹಲ್ಲುಗಳಲ್ಲ, ತಮ್ಮ ಚೌಕಗಳು. ತಮ್ಮ ಮೂಲ ಭಾಷೆಯನ್ನು ಮೇಲಿಂದ ಕೆಳಕ್ಕೆ ಬರೆಯುವುದರಿಂದ ಚಿತ್ರದ ಮೂಲೆಯ ವಿವರಣೆಯ ಚೌಕಗಳೆಲ್ಲ ಕಿರುಬೆರಳಿನಂತೆ ನೀಳವಾಗಿವೆ. ನಮ್ಮ ಕನ್ನಡವೋ ಒತ್ತಕ್ಷರಗಳನ್ನು ಕೆಳಗೆ ಇಳಿಬಿಟ್ಟು, ಕಾಲು ಚಾಚಿ ಅಡ್ಡಡ್ಡ ಕೂರುವ ಭಾಷೆ. ಒಂದು ಚೌಕದಲ್ಲಿ ಎರಡು ಪದ ಹಿಡಿಸಿದರೆ ಪುಣ್ಯ. ಹಾಗಾಗಿ, ತಾವು ಬ್ಯಾಂಕಿನ ಕಾವಲುಗಾರನ ತಲೆಯನ್ನು ಕಟಕಟನೆ ಅಗಿಯುವ ಆ ಅಮೋಘ ಪುಟದಲ್ಲಿ ನಾನು "ತಲೆ ತಿಂದಿತು" ಎಂದಷ್ಟೇ ಬರೆದೆ. ಕನ್ನಡದಲ್ಲಿ ತಲೆ ತಿನ್ನಲು ಹಲ್ಲು ಬೇಕಿಲ್ಲ, ಬಿಡುವಿದ್ದರೆ ಸಾಕು ಎಂಬುದು ಆ ಗಳಿಗೆಯಲ್ಲಿ ನನಗೆ ಹೊಳೆಯಲಿಲ್ಲ.

ನಮ್ಮ ಪ್ರಕಾಶನದ ಯಜಮಾನರದು ಒಂದು ಪದ್ಧತಿ. ಪ್ರತಿ ಸಂಪುಟದ ಕರಡನ್ನೂ ನಾನು ಬೈಂಡಿಂಗ್ ವಿಭಾಗದಲ್ಲಿ ನಿಂತು, ಚಿತ್ರ ಎತ್ತಿ ತೋರಿಸುತ್ತ ಗಟ್ಟಿಯಾಗಿ ಓದಬೇಕು. ಹಾಳೆ ಮಡಿಸುತ್ತ ಕುಳಿತ ಹೆಂಗಸರಲ್ಲಿ ಒಬ್ಬರ ಕೈ ಭಯದಿಂದ ನಿಂತರೂ ಪುಸ್ತಕ ಪಾಸು. ಕಾವಲುಗಾರನ ಪುಟ ಬಂದಾಗ, ಅಲ್ಲಿನ ಹಿರಿಯಳಾದ, ಎಲ್ಲರೂ ದೊಡ್ಡಕ್ಕ ಎಂದು ಕರೆಯುವ ಹೆಂಗಸು ಮಡಿಸುವುದನ್ನು ನಿಲ್ಲಿಸದೆಯೇ, "ಪಾಪ, ಎಷ್ಟೊತ್ತು ತಿಂತಂತೆ? ನಮ್ಮನೆಯವ್ರು ರಜಾ ದಿನ ಶುರು ಮಾಡಿದ್ರೆ ಊಟದ ತನಕ ತಿಂತಾರೆ" ಎಂದಳು. ತಾವು ಮೇಷ್ಟರನ್ನು ಚರಂಡಿಯೊಳಕ್ಕೆ ಸೆಳೆದ ಪುಟದಲ್ಲಿ ನಾನು "ಕಾಲೆಳೆಯಿತು" ಎಂದಿದ್ದೆ; ಮೇಷ್ಟ್ರಿಗೆ ತಮಾಷೆ ಸೇರಲ್ಲ ಅಂತ ಕಾಣುತ್ತೆ ಎಂದು ಉಳಿದ ಹೆಂಗಸರು ನಕ್ಕರು. "ಕಿವಿ ಕಚ್ಚಿತು" ಎಂದರೆ ಏನು ಗುಟ್ಟು ಹೇಳ್ತು ಎಂದು ಕೇಳಿದರು. ತಾವು ಬಾಯಿ ಅಗಲಿಸಿ "ಇಡೀ ಬೀದಿಯನ್ನು ಹೊಟ್ಟೆಗೆ ಹಾಕಿಕೊಂಡಿತು" ಎಂಬಲ್ಲಿಗೆ ಬಂದಾಗಲಂತೂ ದೊಡ್ಡಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಎಷ್ಟು ದೊಡ್ಡ ಮನಸ್ಸು ನೋಡಿ, ಎಲ್ಲರನ್ನೂ ಕ್ಷಮಿಸಿಬಿಡ್ತು" ಎಂದಳು. ಬೇಸತ್ತು "ಶಿರವ ಭಕ್ಷಿಸಿತು" ಎಂದು ತಿದ್ದಿ ಓದಿದೆ. ರಾಕ್ಷಸನ ಕಿರೀಟ ಎಲ್ಲಿ ಎಂದು ಕೇಳಿದರು.

ಮೂರು ಸಂಪುಟಗಳ ಉದ್ದಕ್ಕೂ ಯಾರ ಕೈಯೂ ನಿಲ್ಲಲಿಲ್ಲ; ಹಕ್ಕಿಗೆ ಹಣ ಕಟ್ಟಿಯಾಗಿದ್ದರಿಂದ ಅವನ್ನು ಪಾಸಾಗದೆಯೇ ಅಚ್ಚು ಹಾಕಿಸಿದ್ದರು. "ನಾಲ್ಕನೇದಕ್ಕೂ ಇವರು ನಕ್ಕರೆ ನಾನು ಬೇರೆಯವರನ್ನ ನೋಡ್ಕೋಬೇಕಾಗುತ್ತೆ, ಮೇಡಂ" ಎಂದು ಯಜಮಾನರು ಬಹಳ ಸೌಜನ್ಯದಿಂದ ತಿಳಿಸಿದರು. ಆ ವಾರವೇ ತಮಗೊಂದು ಮನವಿ ಬರೆದಿಟ್ಟಿದ್ದೆ: ಇನ್ನು ಮುಂದೆ ತಾವು ತಲೆ, ಕಿವಿ, ಕಾಲು, ರಕ್ತ, ಪ್ರಾಣ ಇವನ್ನೆಲ್ಲ ಬಿಟ್ಟು ಮೀನಖಂಡವನ್ನು ಮಾತ್ರ ತಿನ್ನಬೇಕು, ಏಕೆಂದರೆ ನಾನು ತಿಳಿದ ಮಟ್ಟಿಗೆ ಅದೊಂದನ್ನು ಕನ್ನಡಿಗರು ಯಾವ ನುಡಿಗಟ್ಟಿಗೂ ಬಳಸಿಕೊಂಡಿಲ್ಲ. ಮೊಣಕೈಯನ್ನೂ ಸೂಚಿಸಬಹುದಿತ್ತು, ಆದರೆ ಅದಕ್ಕೆ ಆಗಲೇ ಬೆಲ್ಲ ಹಚ್ಚಿಟ್ಟಿದ್ದೇವೆ.

ಆ ಮನವಿ ಕಳಿಸುವ ಅಗತ್ಯ ಬೀಳಲಿಲ್ಲ. ನಾಲ್ಕನೆಯ ಸಂಪುಟದ ಎಂಬತ್ತೆಂಟನೆಯ ಪುಟದಲ್ಲಿ ತಾವು ಏನನ್ನೂ ತಿನ್ನುವುದಿಲ್ಲ, ಅಡುಗೆಮನೆಯ ಬಾಗಿಲಾಚೆ ಸುಮ್ಮನೆ ನಿಂತಿರುತ್ತೀರಿ. ಒಳಗೆ ಒಬ್ಬ ತಾಯಿ ಮಗುವಿನ ಬಾಯಿಗೆ ಅಂಗೈ ಅಡ್ಡ ಹಿಡಿದು ಗೋಡೆಗೆ ಒರಗಿದ್ದಾಳೆ. ಆ ಚೌಕಕ್ಕೆ ಒಂಬತ್ತು ಸಾಲು ಬರೆದೆ, ಒಂಬತ್ತನ್ನೂ ಹೊಡೆದುಹಾಕಿದೆ, ಕೊನೆಗೆ ಸೋತು ಬಿಳಿಯಾಗಿಯೇ ಬಿಟ್ಟೆ. ಓದುವಾಗ ಆ ಪುಟ ಎತ್ತಿ ಹಿಡಿದು ಸುಮ್ಮನೆ ನಿಂತೆ. ದೊಡ್ಡಕ್ಕನ ಕೈ ಅರ್ಧ ಮಡಿಸಿದ ಹಾಳೆಯ ಮೇಲೆ ನಿಂತಿತು. ಅವಳು ಸಣ್ಣ ದನಿಯಲ್ಲಿ, "ಇಲ್ಲಿ ಯಾಕೆ ಏನೂ ಬರೆದಿಲ್ಲ? ಏನಾದ್ರೂ ಬರೀರಿ ಮೇಡಂ, ಭಯ ಆಗುತ್ತೆ" ಎಂದಳು. ಮಾನ್ಯರೇ, ನನ್ನ ಕನ್ನಡ ಬೇಕೆಂದು ಒಬ್ಬರು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು, ನನಗೆ ಅಳು ಬಂದುಬಿಟ್ಟಿತು.

ಯಜಮಾನರಿಗೆ ಬಂದದ್ದು ಬೇರೆ. ಮಾತಿಲ್ಲದಿದ್ದರೇ ಭಯ ಎಂಬುದು ಅವರಿಗೆ ಅಲ್ಲೇ ಖಾತ್ರಿಯಾಗಿ, ಉಳಿದ ಎಂಟು ಸಂಪುಟಗಳ ಚೌಕಗಳನ್ನೂ ಪಾತ್ರಗಳ ಮಾತಿನ ಬುಗ್ಗೆಗಳನ್ನೂ ಖಾಲಿ ಬಿಡಲು ಅಪ್ಪಣೆ ಮಾಡಿದರು. ಪುಸ್ತಕ ಪಾಸಾಯಿತು, ಪಾಸು ಮಾಡಿಸಿದ ನಾನು ಕೆಲಸವಿಲ್ಲದೆ ಮನೆಗೆ ಹೋದೆ. ತಮ್ಮ ನಗರದಲ್ಲಿ ಈಗ ಬದುಕಿ ಉಳಿದಿರುವವರು ಮಾತು ಬಾರದ ಆ ಮಗು, ಅದರ ಬಾಯಿ ಮುಚ್ಚಿಸುವ ತಾಯಿ ಮತ್ತು ಗಂಟಲು ಕಟ್ಟಿದ ಒಬ್ಬ ರೇಡಿಯೊ ನಿರೂಪಕ. ಹೀಗಿರುವಾಗ ಯಜಮಾನರೊಂದಿಗೆ ವಾದಿಸುವುದಾದರೂ ಹೇಗೆ? ವಾಚಾಳಿಗಳನ್ನೆಲ್ಲ ಮೊದಲ ಮೂರು ಸಂಪುಟಗಳಲ್ಲೇ ಮುಗಿಸಿದ ತಮ್ಮ ಅಭಿರುಚಿಯನ್ನು ಮೆಚ್ಚಿಕೊಳ್ಳುತ್ತಲೇ ಬೇಡಿಕೊಳ್ಳುತ್ತೇನೆ: ಐದನೆಯ ಸಂಪುಟದಲ್ಲಿ ಯಾವುದಾದರೂ ನೆಲಮಾಳಿಗೆಯಿಂದ ಒಬ್ಬ ವಿಮಾ ಏಜೆಂಟ್ ಹೊರಬರಲಿ, ಅವನನ್ನು ತಾವು ಕೊನೆಯ ಪುಟದವರೆಗೂ ಮುಟ್ಟಬಾರದು. ಅವನು ಸಂಪುಟಗಟ್ಟಲೆ ತಮ್ಮ ತಲೆ ತಿನ್ನುತ್ತಾನೆ, ದಯವಿಟ್ಟು ಸಹಿಸಿಕೊಳ್ಳಿ. ಅದೂ ಆಗದಿದ್ದರೆ ತಾವೇ ಒಮ್ಮೆ ಬಾಯಿ ಬಿಡಿ, ನುಂಗುವುದಕ್ಕಲ್ಲ, ನಾಲ್ಕು ಮಾತಾಡುವುದಕ್ಕೆ.

ಇದುವರೆಗೂ ತಮ್ಮ ಬಾಯಿಗೆ ಬೀಳದೆ ಉಳಿದಿರುವ,
ತಮ್ಮ ವಿಶ್ವಾಸಿ,
ನಾಲ್ಕು ಸಂಪುಟಗಳ ಮಾಜಿ ಅನುವಾದಕಿ

ವಿ.ಸೂ.: ಈ ಪತ್ರವನ್ನು ಅಂಚೆಗೆ ಹಾಕುವ ಮೊದಲೇ, ನಿನ್ನೆ, ಐದನೆಯ ಸಂಪುಟ ಅಂಗಡಿಗೆ ಬಂದುಬಿಟ್ಟಿತು. ಒಳಪುಟದಲ್ಲಿ "ಕನ್ನಡಕ್ಕೆ" ಎಂಬುದರ ಮುಂದೆ ಯಜಮಾನರು ಸ್ವಂತ ಹೆಸರನ್ನೇ ಹಾಕಿಕೊಂಡಿದ್ದಾರೆ. ಅದರೊಳಗಿನ ಪ್ರತಿಯೊಂದು ಖಾಲಿ ಚೌಕವನ್ನೂ ಸ್ವತಃ ಅನುವಾದಿಸಿದ್ದಾಗಿ ಅವರು ಹೇಳುತ್ತಿದ್ದಾರೆ, ಅದು ಸುಳ್ಳೆಂದು ತೋರಿಸಲು ಇಡೀ ಪುಸ್ತಕದಲ್ಲಿ ನನ್ನದೊಂದು ಪದವೂ ಇಲ್ಲ.